ಕಾಮದಹನದ ಬೂದಿ

ಲೋಕದಲ್ಲಿ ಕೇಡೆಂದು ಕಂಡುದು ಬೇರುಸಹಿತ ಇಲ್ಲವಾಗಲಿ ಎಂಬ ಹಾರೈಕೆ ಮನುಷ್ಯನಿಗೆ ಸಹಜವಾದುದು. ಭಕ್ತನ ಪ್ರಾರ್ಥನೆಯಲ್ಲಿ ಅದಕ್ಕೆ ಎಡೆಯುಂಟು. ಸುಧಾರಕನ ಸಂಕಲ್ಪದಲ್ಲಿಯೂ ಉಂಟು. ಆದರೆ ಆ ಹಾರೈಕೆ ಕೈಗೂಡಿದ ಮೇಲೆ ಏನಾದೀತು ಎಂದು ಹಾರೈಸುವವನು ತನ್ನನ್ನು ತಾನು ಕೇಳಿಕೊಳ್ಳುವುದು ವಿರಳ. ಭಾರತೀಯ ಕಾವ್ಯಪರಂಪರೆ ಆ ಪ್ರಶ್ನೆಯನ್ನು ಒಂದು ಕಥೆಯ ಮೂಲಕ ಮತ್ತೆ ಮತ್ತೆ ಕೇಳಿದೆ. ಅದು ಕಾಮದಹನದ ಕಥೆ. ಸಂಸ್ಕೃತದಲ್ಲಿ ಕಾಳಿದಾಸನೂ ಕನ್ನಡದಲ್ಲಿ ಹರಿಹರನೂ ಇದನ್ನು ಕಾವ್ಯವಸ್ತುವಾಗಿ ಕೈಗೆತ್ತಿಕೊಂಡರು; ನಾಡಿನ ಹಳ್ಳಿಹಳ್ಳಿಯೂ ಇದನ್ನು ಹಬ್ಬವನ್ನಾಗಿ ಆಚರಿಸಿತು.

ಪುರಾಣ ಪ್ರವಚನಗಳಲ್ಲಿ ಈ ಪ್ರಸಂಗವನ್ನು ವೈರಾಗ್ಯದ ದಿಗ್ವಿಜಯವೆಂದು ವ್ಯಾಖ್ಯಾನಿಸುವುದು ವಾಡಿಕೆ. ಕಾಮವು ಅರಿಷಡ್ವರ್ಗದಲ್ಲಿ ಮೊದಲನೆಯದು. ಶಿವನು ಅದನ್ನು ಕಣ್ಣುರಿಯಿಂದ ಸುಟ್ಟನು. ಸಾಧಕನೂ ಹಾಗೆಯೇ ಸುಡಬೇಕು ಎಂಬುದು ಆ ವ್ಯಾಖ್ಯಾನದ ಸಾರ. ಕೇಳಲು ಇದು ನೇರವಾಗಿದೆ. ಆದರೆ ಕಥೆ ಬೂದಿಯಲ್ಲಿ ಮುಗಿಯುವುದಿಲ್ಲ. ಕವಿಗಳ ನಿಜವಾದ ಆಸಕ್ತಿ ಬೂದಿಯಾದ ಅನಂತರ ನಡೆದುದರ ಮೇಲಿದೆ. ಈ ಉತ್ತರಾರ್ಧವನ್ನು ಬಿಟ್ಟು ಪೂರ್ವಾರ್ಧವನ್ನಷ್ಟೇ ಉಪದೇಶಿಸಿದರೆ ಕಾವ್ಯಕ್ಕೂ ಅನ್ಯಾಯ, ಸಾಧಕನಿಗೂ ಅಪಾಯ.

ಮೊದಲು ಕಥೆಯ ಕಾರಣಸರಪಣಿಯನ್ನು ಗಮನಿಸಬೇಕು. ತಾರಕಾಸುರನ ಪೀಡೆಯಿಂದ ಬಳಲಿದ ದೇವತೆಗಳು ಬ್ರಹ್ಮನ ಬಳಿಗೆ ಹೋಗುತ್ತಾರೆ. ತಾರಕನ ಪ್ರಾಬಲ್ಯಕ್ಕೆ ಬ್ರಹ್ಮನು ಕೊಟ್ಟ ವರವೇ ಮೂಲ. ತಾನೇ ಬೆಳೆಯಿಸಿದುದನ್ನು ತಾನೇ ಕಡಿಯಲಾರೆನೆಂದು ಹೇಳಿ, ಶಿವನಿಗೆ ಹುಟ್ಟುವ ಕುಮಾರನಿಂದ ಮಾತ್ರ ಅವನ ವಧೆ ಸಾಧ್ಯವೆಂದು ಬ್ರಹ್ಮನು ಸೂಚಿಸುತ್ತಾನೆ. ಶಿವನಾದರೋ ತಪೋಮಗ್ನ. ಗಿರಿಜೆ ಅವನ ಸೇವೆಯಲ್ಲಿದ್ದಾಳೆ. ದೇವತೆಗಳಿಗೆ ಕಾಯುವ ವ್ಯವಧಾನವಿಲ್ಲ. ಇಂದ್ರನು ಕಾಮನನ್ನು ಕರೆಯಿಸಿ ಶಿವನ ಮನಸ್ಸನ್ನು ಕದಲಿಸೆಂದು ಕಳುಹಿಸುತ್ತಾನೆ. ಒಂದು ಕೇಡು ಬೇಗನೆ ತೊಲಗಲೆಂಬ ತವಕ ಇಲ್ಲಿ ಮೊದಲ ಬಾಣ. ಅದು ತಾರಕನಿಗೆ ತಾಗಲಿಲ್ಲ. ದೇವತೆಗಳ ಪಕ್ಷದವನೇ ಆದ ಕಾಮನನ್ನು ಬಲಿ ತೆಗೆದುಕೊಂಡಿತು.

ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಕಾಳಿದಾಸನು ದಹನದ ಗಳಿಗೆಯನ್ನು ಚಿತ್ರಿಸುವ ರೀತಿ ಸೂಕ್ಷ್ಮವಾದುದು. ಕಾಮನು ಸಮ್ಮೋಹನಾಸ್ತ್ರವನ್ನು ಬಿಲ್ಲಿಗೆ ಹೂಡಿದ್ದಾನೆ, ಇನ್ನೂ ಬಿಟ್ಟಿಲ್ಲ. ಅಷ್ಟರಲ್ಲಿಯೇ ಗಿರಿಜೆಯ ಮುಖವನ್ನು ನೋಡಿದ ಶಿವನ ಧೈರ್ಯ ತುಸುವೇ ಸಡಿಲುತ್ತದೆ. ಆತನು ಕೂಡಲೆ ಇಂದ್ರಿಯಗಳನ್ನು ಬಿಗಿಹಿಡಿದು, ತನ್ನ ಕ್ಷೋಭೆಗೆ ಕಾರಣವೇನೆಂದು ದಿಕ್ಕುದಿಕ್ಕಿಗೆ ದೃಷ್ಟಿ ಹಾಯಿಸುತ್ತಾನೆ. ಬಿಲ್ಲನ್ನು ಬಾಗಿಸಿ ನಿಂತ ಕಾಮನು ಕಣ್ಣಿಗೆ ಬೀಳುತ್ತಾನೆ. ಮೂರನೆಯ ಕಣ್ಣು ತೆರೆಯುತ್ತದೆ. ಕೋಪವನ್ನು ತಡೆಯೆಂದು ದೇವತೆಗಳು ಆಕಾಶದಲ್ಲಿ ಕೂಗಿಕೊಳ್ಳುವಷ್ಟರಲ್ಲಿ ಕಾಮನು ಬೂದಿಯಾಗಿರುತ್ತಾನೆ. ಕ್ಷೋಭೆ ಹುಟ್ಟಿದುದು ಒಳಗೆ, ಉರಿ ಬಿದ್ದುದು ಹೊರಗೆ. ಮಹಾದೇವನ ವಿಷಯದಲ್ಲಿ ಇದನ್ನು ಲೀಲೆಯೆಂದು ಭಕ್ತನು ತಿಳಿಯುತ್ತಾನೆ. ತಿಳಿಯುವುದು ಯುಕ್ತವೂ ಅಹುದು. ಆದರೆ ಆ ಲೀಲೆಯಲ್ಲಿ ಮನುಷ್ಯನಿಗೊಂದು ಪಾಠವಿದ್ದರೆ ಅದು ಈ ಎಡೆಯಲ್ಲಿಯೇ ಇದೆ. ತನ್ನ ಮನಸ್ಸು ಕದಲಿದಾಗ ಕದಲಿಸಿದವನನ್ನು ಹೊರಗೆ ಹುಡುಕುವುದು, ಸಿಕ್ಕವನನ್ನು ಸುಡುವುದು, ಸುಟ್ಟ ಮೇಲೆ ತಾನು ಶುದ್ಧನಾದೆನೆಂದು ತಿಳಿಯುವುದು, ಇದು ಶಿವನಲ್ಲದವರ ನಿತ್ಯದ ಕಥೆ.

ದಹನದ ಮೊದಲ ಫಲ ರತಿಯ ಗೋಳು. ಕಾಳಿದಾಸನು ನಾಲ್ಕನೆಯ ಸರ್ಗವನ್ನು ಇಡಿಯಾಗಿ ಅವಳ ವಿಲಾಪಕ್ಕೆ ಮೀಸಲಿಟ್ಟಿದ್ದಾನೆ. ಹರಿಹರನ ಗಿರಿಜಾಕಲ್ಯಾಣದಲ್ಲಿಯೂ ರತಿಯ ಪ್ರಲಾಪ ಸಹೃದಯರ ಮನ್ನಣೆಗೆ ಪಾತ್ರವಾದ ಭಾಗ. ಶಿವನ ಪಾರಮ್ಯವನ್ನು ಹಾಡುವುದಕ್ಕಾಗಿಯೇ ಲೇಖನಿ ಹಿಡಿದ, ಮನುಷ್ಯಮಾತ್ರದವರನ್ನು ಸ್ತುತಿಸೆನೆಂದು ಪಂಪಾವಿರೂಪಾಕ್ಷನಿಗೆ ತನ್ನ ಕಾವ್ಯವನ್ನು ಅರ್ಪಿಸಿದ ಕವಿ ಶಿವನ ಕೋಪಕ್ಕೆ ಗುರಿಯಾದವನ ಹೆಂಡತಿಗಾಗಿ ಕಣ್ಣೀರು ಮಿಡಿಯುವುದೇಕೆ? ಕಾಮನು ಕೇವಲ ಕೇಡಾಗಿದ್ದರೆ ಅವನ ಅಳಿವಿಗೆ ಶೋಕರಸ ಒದಗುತ್ತಿರಲಿಲ್ಲ. ಯಾವ ಕೇಡನ್ನೂ ಒಂಟಿಯಾಗಿ ಕಿತ್ತೆಸೆಯಲು ಬರುವುದಿಲ್ಲ. ಅದರ ಕೈ ಹಿಡಿದವರು ಅದರೊಡನೆಯೇ ಕೀಳಲ್ಪಡುತ್ತಾರೆ. ಶೈವಕವಿಯ ಕರುಣೆ ಈ ಸತ್ಯವನ್ನು ಮರೆಮಾಚಲಿಲ್ಲ.

ಎರಡನೆಯ ಫಲ ಇನ್ನೂ ವಿಚಿತ್ರವಾದುದು. ಅಮರಕೋಶದಲ್ಲಿ ಕಾಮನಿಗಿರುವ ಹೆಸರುಗಳಲ್ಲಿ ‘ಅನಂಗ’ ಎಂಬುದೂ ಒಂದು. ಶರೀರವಿದ್ದಾಗ ಕಾಮನಿಗೊಂದು ನೆಲೆಯಿತ್ತು. ಇಂದ್ರನು ಕರೆದರೆ ಬರುತ್ತಿದ್ದನು. ಬಂದುದು ಕಣ್ಣಿಗೆ ಕಾಣುತ್ತಿದ್ದಿತು. ಶಿವನ ದೃಷ್ಟಿಗೂ ಸಿಕ್ಕಿದನು. ಶರೀರ ಬೆಂದ ಮೇಲೆ ಅವನಿಗೆ ನೆಲೆಯೂ ಇಲ್ಲ, ಎಲ್ಲೆಯೂ ಇಲ್ಲ. ಕಾಣದವನನ್ನು ಸುಡುವ ಕಣ್ಣು ಯಾವುದು? ಇಲ್ಲವಾಗಲೆಂದು ಸುಟ್ಟುದು ಎಲ್ಲೆಲ್ಲಿಯೂ ಇರುವಂತಾಯಿತು. ‘ಅನಂಗ’ ಎಂಬ ಒಂದೇ ಶಬ್ದದಲ್ಲಿ ಈ ವ್ಯಂಗ್ಯವನ್ನು ಪರಂಪರೆ ಅಡಗಿಸಿಟ್ಟಿದೆ. ಲೋಕದ ಇತಿಹಾಸದಲ್ಲಿಯೂ ಇದಕ್ಕೆ ನಿದರ್ಶನಗಳಿಗೆ ಕೊರತೆಯಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳು 1920ರಲ್ಲಿ ಸಂವಿಧಾನದ ತಿದ್ದುಪಡಿಯ ಬಲದಿಂದ ದೇಶಾದ್ಯಂತ ಮದ್ಯದ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿದವು. ಆ ಹಾರೈಕೆಯ ಹಿಂದೆ ಕುಡುಕ ಗಂಡಂದಿರಿಂದ ನೊಂದ ಸಂಸಾರಗಳ ನಿಜವಾದ ಕಣ್ಣೀರಿದ್ದಿತು. ಕುಡಿತ ಕಡಿಮೆಯಾಯಿತು; ಆದರೆ ಮುಗಿಯಲಿಲ್ಲ. ಬೀದಿಯ ಹೆಂಡದಂಗಡಿ ಮುಚ್ಚಿತು, ಗುಟ್ಟಿನ ಅಂಗಡಿ ತೆರೆಯಿತು. ಕಳ್ಳಸಾಗಣೆಯ ಪಡೆಗಳು ಹಣದಿಂದಲೂ ಹಿಂಸೆಯಿಂದಲೂ ಬಲಿತವು. ವಿಷಮದ್ಯ ಕುಡಿದು ಜನ ಸತ್ತರು. 1933ರಲ್ಲಿ ಮತ್ತೊಂದು ತಿದ್ದುಪಡಿಯಿಂದ ಆ ನಿಷೇಧವನ್ನು ತೆಗೆದುಹಾಕಬೇಕಾಯಿತು. ಅಂಗವಿದ್ದ ಮದ್ಯ ಅನಂಗವಾದ ಕಥೆಯಿದು.

ಮೂರನೆಯ ಫಲವನ್ನು ಬ್ರಹ್ಮಾಂಡಪುರಾಣದೊಡನೆ ಸೇರಿಬಂದಿರುವ ಲಲಿತೋಪಾಖ್ಯಾನ ಹೇಳುತ್ತದೆ. ಕಾಮನ ಬೂದಿ ಅಲ್ಲಿಯೇ ಬಿದ್ದಿದ್ದಿತು. ಶಿವಗಣದವನೊಬ್ಬನು ಅದನ್ನು ಕಲಸಿ ಒಂದು ಪುರುಷಾಕೃತಿಯನ್ನು ಮಾಡಿದನು. ಅದಕ್ಕೆ ಜೀವ ಬಂದು, ಅದೇ ಭಂಡಾಸುರನಾಗಿ ಲೋಕಕಂಟಕವಾಯಿತು. ಅವನ ವಧೆಗೆ ಲಲಿತಾದೇವಿಯೇ ಆವಿರ್ಭವಿಸಬೇಕಾಯಿತು. ವಧೆಯ ಅನಂತರ ಆಕೆ ಕಾಮನಿಗೆ ಮರುಜೀವ ಕೊಟ್ಟಳು. ಈ ಕಥೆಯ ಅರ್ಥಪುಷ್ಟಿ ಅಸಾಧಾರಣವಾದುದು. ಬದುಕಿದ್ದ ಕಾಮನಲ್ಲಿ ಚಪಲತೆಯಿದ್ದಿತು, ಸೌಂದರ್ಯವೂ ಇದ್ದಿತು. ಅವನ ಬೂದಿಯಿಂದ ಎದ್ದವನಲ್ಲಿ ಉಳಿದುದು ಸುಟ್ಟ ಕೋಪದ ಕಾವು ಮಾತ್ರ. ತುಳಿದು ಹಾಕಿದ ಬಯಕೆ ಕ್ರೌರ್ಯವಾಗಿ ಮೇಲೇಳುವುದನ್ನು ಮನಶ್ಶಾಸ್ತ್ರಜ್ಞರು ಹೇಳುವುದಕ್ಕೆ ಎಷ್ಟೋ ಮೊದಲೇ ಪುರಾಣಕಾರನು ಕಂಡಿದ್ದನು. ತಾರಕನೆಂಬ ಒಬ್ಬ ರಕ್ಕಸನನ್ನು ನೀಗಿಕೊಳ್ಳುವ ಅವಸರದಲ್ಲಿ ಇನ್ನೊಬ್ಬ ರಕ್ಕಸನು ಹುಟ್ಟಿದನೆಂಬುದನ್ನೂ ಇಲ್ಲಿ ನೆನೆಯಬೇಕು.

ಇನ್ನು ಹರಿಹರನನ್ನು ಕುರಿತು. ಹತ್ತು ಆಶ್ವಾಸಗಳ ಆತನ ಚಂಪೂಕಾವ್ಯಕ್ಕೆ ‘ಗಿರಿಜಾಕಲ್ಯಾಣ’ವೆಂದು ಹೆಸರು, ‘ಮದನದಹನ’ವೆಂದಲ್ಲ. ಗಿರಿಜೆಯ ಒಲವು ಕಾಮನ ಬಾಣದಿಂದ ಹುಟ್ಟಿದುದಲ್ಲ, ಅದು ಭಕ್ತಿಯ ಬಲಿತ ರೂಪ. ಆದುದರಿಂದ ಕಾಮನು ಬೆಂದರೂ ಅವಳ ಒಲವು ಬೇಯಲಿಲ್ಲ, ತಪಸ್ಸಾಗಿ ಗಟ್ಟಿಗೊಂಡಿತು. ಕಾಮನಿಂದ ಆಗದ ಕಾರ್ಯ ತಪಸ್ಸಿನಿಂದ ಆಯಿತು. ಕಾಮನನ್ನು ಸುಟ್ಟ ಶಿವನು ಕಡೆಗೆ ಮದುಮಗನಾಗಿ ಹಿಮವಂತನ ಮನೆಗೆ ಬಂದನು. ಹಾಗಿದ್ದಮೇಲೆ ಕಾವ್ಯದ ಗುರಿ ಒಲವಿನ ನಾಶವಾಗಿರಲಾರದು. ಅವಸರದ ಒಲವಿಗೂ ಪಕ್ವವಾದ ಒಲವಿಗೂ ಇರುವ ಅಂತರವನ್ನು ತೋರುವುದೇ ಅದರ ಗುರಿ.

ಇದು ಊಹೆಯಲ್ಲವೆಂಬುದಕ್ಕೆ ಹರಿಹರನ ರಗಳೆಗಳು ಸಾಕ್ಷಿ. ನಂಬಿಯಣ್ಣನ ರಗಳೆಯನ್ನು ಓದಿದವರಿಗೆ ಆ ಕವಿ ಶೃಂಗಾರವನ್ನು ಎಷ್ಟು ಆದರದಿಂದ ನಡೆಸಿಕೊಂಡಿದ್ದಾನೆಂಬುದು ವಿದಿತವಾಗಿದೆ. ಕೈಲಾಸದಲ್ಲಿ ಒಮ್ಮೆ ಬಯಕೆಗೆ ಸಿಲುಕಿದ ಗಣನನ್ನು ಶಿವನು ಉರಿಗಣ್ಣಿನಿಂದ ನೋಡಲಿಲ್ಲ. ಅದನ್ನು ಉಂಡು ಮುಗಿಸಿ ಬಾ ಎಂದು ಭೂಮಿಗೆ ಕಳುಹಿಸಿದನು. ಆ ಗಣನು ನಂಬಿಯಣ್ಣನಾಗಿ ಪರವೆಯನ್ನು ಒಲಿದನು, ಸಂಕಿಲೆಯನ್ನೂ ಒಲಿದನು. ಮುನಿದ ಪರವೆಯನ್ನು ತಿಳಿಯಪಡಿಸಲು ಸಾಕ್ಷಾತ್ ಶಿವನೇ ದೂತನಾಗಿ ಅವಳ ಮನೆಗೆ ಹೋದನು. ಕಾಮನನ್ನು ಸುಟ್ಟವನೇ ಇಲ್ಲಿ ಕಾಮನ ಕೆಲಸವನ್ನು ಮಾಡುತ್ತಾನೆ! ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ ಕಾಣುವ ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡದೆ ಹರಿಹರನ ಕಾಮದಹನವನ್ನು ಅರ್ಥೈಸಹೊರಟರೆ ಅರ್ಧವೇ ಕೈಗೆ ಸಿಕ್ಕೀತು.

ಆತನ ಪ್ರಭುದೇವರ ರಗಳೆ ಇನ್ನೂ ಮುಖ್ಯವಾದುದು. ಹರಿಹರನ ಅಲ್ಲಮನು ಕಮಲತೆಯೆಂಬುವಳಲ್ಲಿ ಅನುರಕ್ತನಾಗಿದ್ದನು. ಅವಳು ಜ್ವರದಿಂದ ಸತ್ತಳು. ವಿರಹದ ಉರಿಯಲ್ಲಿ ಮೈಮರೆತು ಅಲೆಯುತ್ತಿದ್ದಾಗ ನೆಲದಲ್ಲಿ ಹುದುಗಿದ್ದ ದೇಗುಲದ ಕಳಸ ಅವನ ಕಣ್ಣಿಗೆ ಬಿದ್ದಿತು. ಒಳಹೊಕ್ಕಾಗ ಅನಿಮಿಷಯ್ಯನ ದರ್ಶನವಾಯಿತು, ಲಿಂಗ ಕೈಗೆ ಬಂದಿತು. ಇಲ್ಲಿ ವೈರಾಗ್ಯಕ್ಕೆ ದಾರಿಯಾದುದು ಒಲವೇ. ಒಲಿದು ಕಳೆದುಕೊಳ್ಳದಿದ್ದರೆ ಅಲ್ಲಮನು ಆ ನೆಲವನ್ನು ಕೆದಕುತ್ತಲೇ ಇರಲಿಲ್ಲ.

ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಗೆ ಬಂದರೆ ಕಮಲತೆ ಕಾಣೆಯಾಗಿದ್ದಾಳೆ. ಪ್ರಭುವಿನ ಜೀವನದಲ್ಲಿ ಅಂಗಸುಖದ ಸೋಂಕು ಇದ್ದಿತೆಂಬುದು ಸಹಿಸಲಾಗದ ಕಲಂಕವೆಂದು ಭಾವಿಸಿದಂತೆ ಕವಿ ಅವಳನ್ನು ಕಥೆಯಿಂದಲೇ ತೆಗೆದಿದ್ದಾನೆ. ಅವಳ ಸ್ಥಾನಕ್ಕೆ ಬಂದವಳು ಬನವಸೆಯ ಅರಸನಾದ ಮಮಕಾರನ ಮಗಳು ಮಾಯೆ. ಪಾರ್ವತಿಯ ತಾಮಸಕಳೆಯೇ ಅವಳಾಗಿ ಹುಟ್ಟಿದ್ದಾಳೆ. ಮದ್ದಳೆ ಬಾರಿಸುವ ಅಲ್ಲಮನಿಗೆ ಅವಳು ಸೋಲುತ್ತಾಳೆ. ಅಪ್ಪಲು ಹೋದರೆ ಬಯಲನ್ನು ಅಪ್ಪುತ್ತಾಳೆ. ಇಪ್ಪತ್ತೈದು ಗತಿಗಳ, 1111 ಪದ್ಯಗಳ ಈ ಭಾಮಿನೀ ಷಟ್ಪದಿಯ ಕಾವ್ಯದಲ್ಲಿ ಮಾಯಾಕೋಲಾಹಲ ಪ್ರಸಂಗದ ಕಾಂತಿ ಅಚ್ಚಳಿಯದುದು. ಚಾಮರಸನ ಪ್ರತಿಭೆಯ ಬಗೆಗೆ ಎರಡು ಮಾತಿಲ್ಲ.

ಆದರೆ ವಿಮರ್ಶೆ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಕಮಲತೆಯನ್ನು ಕಥೆಯಿಂದ ತೆಗೆದುದು ಕಾವ್ಯಲೋಕದಲ್ಲಿ ನಡೆದ ಇನ್ನೊಂದು ಕಾಮದಹನವಲ್ಲವೆ? ಅದರ ಪರಿಣಾಮಗಳೂ ಅಂತಹವೇ. ಅಲ್ಲಮನಿಂದ ಹೊರದೂಡಿದ ಬಯಕೆ ಇಲ್ಲವಾಗಲಿಲ್ಲ. ಇಡಿಯಾಗಿ ಒಬ್ಬ ಹೆಣ್ಣಿನ ತಲೆಯ ಮೇಲೆ ಬಿದ್ದಿತು. ಹರಿಹರನ ಕಮಲತೆ ಮನುಷ್ಯಳು, ಒಲಿದವಳು, ಸತ್ತವಳು. ಚಾಮರಸನ ಮಾಯೆ ಒಂದು ತತ್ತ್ವದ ಹೆಣ್ಣುರೂಪ. ಅಲ್ಲಮನು ನಿಷ್ಕಲಂಕನಾದನು, ಆದರೆ ಬಿದ್ದು ಎದ್ದವನ ಸಾಕ್ಷ್ಯವನ್ನು ಕಳೆದುಕೊಂಡನು. ಸಾಧಕನಿಗೆ ಧೈರ್ಯ ಕೊಡುವವನು ಎಂದೂ ಬೀಳದವನಲ್ಲ, ಬಿದ್ದ ನೆಲದಲ್ಲಿಯೇ ಕಳಸವನ್ನು ಕಂಡವನು. ಇದಕ್ಕಿಂತ ಗಂಭೀರವಾದುದೆಂದರೆ, ಮಾಯೆ ಹೊರಗಿನ ವಸ್ತುಗಳಲ್ಲಿಲ್ಲ, ಹೆಣ್ಣಿನಲ್ಲಿಯೂ ಇಲ್ಲ, ಬಯಸುವ ಮನದಲ್ಲಿದೆ ಎಂಬುದು ವಚನಕಾರ ಅಲ್ಲಮನ ನಿಲುವು. ಅವನನ್ನು ನಿರ್ಮಲಗೊಳಿಸಹೊರಟ ಕಾವ್ಯ ಅವನ ಈ ನಿಲುವಿಗೇ ದೂರವಾಗುವ ಅಂಚಿಗೆ ಬಂದು ನಿಲ್ಲುತ್ತದೆ. ಚಾಮರಸನಿಗೆ ಇದರ ಅರಿವಿರಲಿಲ್ಲವೆನ್ನಲಾಗದು. ತಾಮಸಕಳೆ ಸೋತ ಮೇಲೆ ಪಾರ್ವತಿಯ ಸಾತ್ತ್ವಿಕಕಳೆ ಮಹಾದೇವಿಯಕ್ಕನಾಗಿ ಅವತರಿಸುತ್ತದೆ. ಹೆಣ್ಣನ್ನು ಮಾಯೆಯೆಂದು ಬಗೆಯುವ ಓದುಗನಿಗೆ ಕವಿ ಹೇಳಿದ ತಿದ್ದುಪಡಿ ಇದು. ಕಾವ್ಯದ ಸಮತೋಲ ಉಳಿದಿರುವುದು ಈ ತಿದ್ದುಪಡಿಯಿಂದ. ಮೊದಲ ಕಥೆಯನ್ನು ಹೇಳಿ ಎರಡನೆಯದನ್ನು ಮರೆಯುವ ಪ್ರವಚನಕಾರನು ಕವಿಗೆ ಅಪಚಾರ ಮಾಡುತ್ತಾನೆ.

ಹೊರದೂಡುವ ಹಟ ಭಾಷೆಯಲ್ಲಿಯೂ ಇದೇ ಫಲವನ್ನು ಕೊಟ್ಟುದಕ್ಕೆ ಹದಿಮೂರನೆಯ ಶತಮಾನದ ಆಂಡಯ್ಯನ ಕಬ್ಬಿಗರ ಕಾವ ಉದಾಹರಣೆ. ಆಶ್ಚರ್ಯವೆಂದರೆ ಆ ಕಾವ್ಯದ ನಾಯಕನೂ ಕಾಮನೇ. ಚಂದ್ರನನ್ನು ಸೆರೆಹಿಡಿದ ಶಿವನ ಮೇಲೆ ಅವನು ದಂಡೆತ್ತಿ ಹೋಗಿ, ಶಿವನನ್ನು ಅರ್ಧನಾರಿಯನ್ನಾಗಿಸುತ್ತಾನೆ. ಸಂಸ್ಕೃತದ ತತ್ಸಮ ಶಬ್ದಗಳನ್ನು ಬಳಸದೆಯೇ ಕಾವ್ಯ ರಚಿಸುವುದು ಆಂಡಯ್ಯನ ಸಂಕಲ್ಪ. ಸಂಕಲ್ಪವನ್ನು ಆತನು ಸಮರ್ಥವಾಗಿ ಸಾಧಿಸಿದನು. ಆದರೆ ತತ್ಸಮ ಹೊರಗೆ ಹೋದಾಗ ತದ್ಭವ ಒಳಗೆ ಬಂದಿತು. ತದ್ಭವವೆಂದರೆ ಮೈ ಬದಲಿಸಿಕೊಂಡ ಸಂಸ್ಕೃತವೇ ತಾನೆ? ಜನಕ್ಕೆ ಪರಿಚಿತವಾಗಿದ್ದ ಶಬ್ದಗಳು ಹೋಗಿ ಅಪರಿಚಿತ ರೂಪಗಳು ತುಂಬಿದವು. ತಿಳಿಗನ್ನಡವಾಗಬೇಕಾಗಿದ್ದ ಕಾವ್ಯವನ್ನು ಇಂದಿನ ವಿದ್ಯಾರ್ಥಿ ಅರ್ಥಕೋಶದ ನೆರವಿಲ್ಲದೆ ಓದಲಾರ.

ಹಾಗಾದರೆ ಕೇಡನ್ನು ಎದುರಿಸಲೇಬಾರದೆ ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ. ಅದಕ್ಕೆ ಉತ್ತರ ಕಥೆಯಲ್ಲಿಯೇ ಇದೆ. ತಾರಕನು ಕಡೆಗೆ ಸತ್ತನು. ಆದರೆ ಅವನನ್ನು ಕೊಂದುದು ಹಾರೈಕೆಯಲ್ಲ, ಅವಸರದ ತಂತ್ರವೂ ಅಲ್ಲ. ಗಿರಿಜೆ ತಪಸ್ಸು ಮಾಡಬೇಕಾಯಿತು, ಮದುವೆ ನಡೆಯಬೇಕಾಯಿತು, ಕುಮಾರನು ಹುಟ್ಟಿ ಸೇನಾನಿಯಾಗಿ ನಿಲ್ಲಬೇಕಾಯಿತು. ಒಂದು ಕೇಡಿನ ನಾಶಕ್ಕೆ ಒಂದು ಒಳಿತು ಹುಟ್ಟಿ ಬೆಳೆಯಬೇಕು. ಅದಕ್ಕೆ ಕಾಲ ಹಿಡಿಯುತ್ತದೆ. ತಾರಕನ ಪೀಡೆ ಲೋಕದ ಮೇಲೆ ನಡೆದ ಅನ್ಯಾಯ, ಅದರೊಡನೆ ರಾಜಿಯಿಲ್ಲ. ಹನ್ನೆರಡನೆಯ ಶತಮಾನದ ಶರಣರೂ ಕುಲಭೇದದಂತಹ ಅನ್ಯಾಯಗಳೊಡನೆ ರಾಜಿಮಾಡಿಕೊಳ್ಳಲಿಲ್ಲ. ಆದರೆ ಕಾಮನು ತಾರಕನಂತಲ್ಲ. ಅವನ ಬೇರು ಹಾರೈಸುವವನ ಎದೆಯಲ್ಲಿಯೇ ಇದೆ. ಹೊರಗಿನ ಉರಿ ಆ ಬೇರನ್ನು ಮುಟ್ಟುವುದಿಲ್ಲ. ಈ ಎರಡರ ವಿವೇಕವಿಲ್ಲದೆ ಎಲ್ಲಕ್ಕೂ ಮೂರನೆಯ ಕಣ್ಣನ್ನೇ ಪ್ರಾರ್ಥಿಸಿದರೆ ಬೆಂದುಹೋಗುವುದು ಕಾಮನೂ ರತಿಯೂ, ತಾರಕನು ಸುಖವಾಗಿರುತ್ತಾನೆ.

ಕಾಮನಂತಹವಕ್ಕೆ ಶರಣರು ಕಂಡ ದಾರಿ ಅರ್ಪಣೆಯದು. ಷಟ್ಸ್ಥಲದಲ್ಲಿ ಮೂರನೆಯದು ಪ್ರಸಾದಿಸ್ಥಲ. ಕಣ್ಣಿನ ರೂಪ, ಕಿವಿಯ ಶಬ್ದ, ನಾಲಗೆಯ ರುಚಿ ಇವುಗಳನ್ನು ಕೇಡೆಂದು ಎಸೆಯದೆ ಲಿಂಗಕ್ಕೆ ಅರ್ಪಿಸಿ, ಅವನ್ನು ಪ್ರಸಾದವಾಗಿ ಮರಳಿ ಪಡೆಯುವುದು ಅಲ್ಲಿಯ ಸಾಧನೆ. ಎಸೆದುದು ಅನಂಗವಾಗಿ ಹಿಂಬಾಗಿಲಿನಿಂದ ಬರುತ್ತದೆ; ಅರ್ಪಿಸಿದುದು ಪ್ರಸಾದವಾಗಿ ಮುಂಬಾಗಿಲಿನಿಂದ ಬರುತ್ತದೆ. ಶರಣ ಸತಿ, ಲಿಂಗ ಪತಿ ಎಂಬ ಭಾವ ಹುಟ್ಟಿದುದೂ ಈ ದಾರಿಯಲ್ಲಿಯೇ. ಕಾಮವನ್ನು ಪೂರ್ತಿಯಾಗಿ ಸುಟ್ಟುಬಿಟ್ಟಿದ್ದರೆ ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನ ಮುಂದೆ ಆಡಲು ಭಾಷೆಯೇ ಇರುತ್ತಿರಲಿಲ್ಲ. ಅವಳ ವಿರಹ, ಕಾತರ, ಮಿಲನದ ಹಂಬಲ ಎಲ್ಲವೂ ಕಾಮನ ಮನೆಯ ಸೊತ್ತು. ಅವಳ ಕೈಯಲ್ಲಿ ಅವು ಲಿಂಗಕ್ಕೆ ಮೀಸಲಾದವು. ಬಹುಸಂಖ್ಯೆಯ ಶರಣರು ಸಂಸಾರಿಗಳಾಗಿಯೇ ಉಳಿದುದರ ಹಿನ್ನೆಲೆಯೂ ಇದೇ.

ಫಾಲ್ಗುಣದ ಹುಣ್ಣಿಮೆಯಲ್ಲಿ ನಾಡಿನ, ವಿಶೇಷವಾಗಿ ಉತ್ತರ ಕರ್ನಾಟಕದ, ಊರುಗಳಲ್ಲಿ ಇಂದಿಗೂ ಕಾಮನನ್ನು ಸುಡುತ್ತಾರೆ. ಹುಡುಗರು ಮನೆಮನೆಯ ಕಟ್ಟಿಗೆ ಕುಳ್ಳುಗಳನ್ನು ಕದ್ದು ತಂದು ಒಟ್ಟುತ್ತಾರೆ, ಹಲಗೆ ಬಾರಿಸುತ್ತಾರೆ, ಹಿರಿಯರೂ ಆ ದಿನ ನಾಲಗೆಯ ಹಗ್ಗವನ್ನು ತುಸು ಸಡಿಲಿಸುತ್ತಾರೆ. ಕಾಮನನ್ನು ಸುಡುವ ದಿನವೇ ಕಾಮನಿಗೆ ಸಲುಗೆ ಹೆಚ್ಚು. ಮರುದಿನ ಬಣ್ಣದಾಟ. ಬರುವ ವರ್ಷ ಮತ್ತೆ ಅದೇ ಕಾಮ, ಅದೇ ಬೆಂಕಿ. ಒಮ್ಮೆ ಸುಟ್ಟರೆ ಮುಗಿಯುವ ಕೆಲಸ ಇದಲ್ಲವೆಂಬುದನ್ನು ಜನಪದರು ಶಾಸ್ತ್ರದ ನೆರವಿಲ್ಲದೆ ಅರಿತಿದ್ದಾರೆ. ಆ ಬೆಂಕಿ ಆರಿದ ಮೇಲೆ ಒಂದು ಚಿಟಿಕೆ ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುವವರೂ ಉಂಟು. ಕೇಡೆಂದು ಸುಟ್ಟುದನ್ನೇ ಹಣೆಯಲ್ಲಿ ಧರಿಸುವ ಈ ನಡೆಯಲ್ಲಿ, ಹರಿಹರನ ಎರಡು ರಗಳೆಗಳೂ ಒಂದು ಚಂಪುವೂ ಹೇಳಿದ ಮಾತು ಅಡಗಿದೆ: ಕಾಮನ ಬೂದಿ ಬೀದಿಯಲ್ಲಿ ಬಿದ್ದರೆ ಭಂಡಾಸುರ, ಶಿವನಿಗೆ ಸಂದರೆ ಭಸಿತ.